ಪೈಪಿನೊಳಗಿನ ಗುಲಾಬಿ ನೀರು

ಅಮೆರಿಕದ ಮಿನ್ನೆಸೋಟಾ, ಮಿಶಿಗನ್ ಕಡೆ ಇರುವ ಕನ್ನಡದ ಮನೆಗಳಲ್ಲಿ, ದಸರಾ ಮುಗಿದು ದೀಪಾವಳಿಯ ತಯಾರಿ ಶುರುವಾಗೋ ಹೊತ್ತಿಗೆ ಕೆಲವರಿಗೆ ಇನ್ನೊಂದು ಕೆಲಸವೂ ಇರುತ್ತೆ. ಮೋಟರ್‌ಹೋಮ್ ಇಟ್ಟುಕೊಂಡವರು ಅದರ ನೀರೆಲ್ಲ ಖಾಲಿ ಮಾಡಬೇಕು. ಮೋಟರ್‌ಹೋಮ್ ಅಂದ್ರೆ ಒಲೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ ಬಸ್ಸಿನಂಥ ಮನೆ. ಬೇಸಿಗೆಯಲ್ಲಿ ಸಂಸಾರ ಸಮೇತ ಅಲೆದಾಡಿ ಬಂದ ಆ ಗಾಡಿ ಅಕ್ಟೋಬರ್ ಕೊನೆಗೆ ಮನೆ ಮುಂದೆ ನಿಂತುಬಿಡುತ್ತೆ. ನಿಲ್ಲಿಸೋಕೆ ಮುಂಚೆ ಟ್ಯಾಂಕಿನ ನೀರು ಬಿಡಬೇಕು, ಗೀಸರ್‌ನ ನೀರು ಬಿಡಬೇಕು, ಗೀಸರ್‌ಗೆ ಹೋಗುವ ದಾರಿ ಮುಚ್ಚಬೇಕು. ಆಮೇಲೆ ಅಂಗಡಿಯಿಂದ ಎರಡು ಮೂರು ಕ್ಯಾನ್ ಗುಲಾಬಿ ಬಣ್ಣದ ದ್ರವ ತಂದು, ಗಾಡಿಯದೇ ಪಂಪಿನಿಂದ ಪೈಪಿನೊಳಗೆ ಎಳೆಸಬೇಕು. ಅಡುಗೆಮನೆ ನಲ್ಲಿ, ಬಚ್ಚಲ ನಲ್ಲಿ, ಶವರ್, ಟಾಯ್ಲೆಟ್ ಹೀಗೆ ಒಂದೊಂದನ್ನೇ ತಿರುಗಿಸಿ, ಅಲ್ಲಿಂದ ಗುಲಾಬಿ ಬರುವವರೆಗೆ ಕಾಯಬೇಕು. ಸಿಂಕಿನ ಕೆಳಗಿನ ಬಾಗಿದ ಪೈಪಿಗೂ ಒಂದು ಲೋಟ ಸುರಿಯಬೇಕು. ಒಂದು ನಲ್ಲಿ ಮರೆತರೂ ಏಪ್ರಿಲ್‌ನಲ್ಲಿ ಪ್ಲಂಬರ್ ಕರೆಸಬೇಕಾಗುತ್ತೆ.

ಆ ದ್ರವ ಏನು, ಅದು ಗುಲಾಬಿ ಯಾಕೆ ಅನ್ನೋ ಸಣ್ಣ ಪ್ರಶ್ನೆ ಹಿಡಿದು ಹೊರಟರೆ, ಅದು ಸೀದಾ ನಮ್ಮೂರಿನ ಮೆಡಿಕಲ್ ಶಾಪಿನ ಕೆಮ್ಮಿನ ಸಿರಪ್‌ವರೆಗೂ ಕರೆದುಕೊಂಡು ಬರುತ್ತೆ.

ನನ್ನ ಊರು ಹಾನಗಲ್ ತಾಲ್ಲೂಕಿನ ಆಡೂರು. ಚಾಲುಕ್ಯರ ಕಾಲದ ಶಾಸನ ಇರುವ ಹಳೇ ಊರು. ನಮ್ಮ ಕಡೆ ನೀರಿನ ಚರಿತ್ರೆ ಅಂದ್ರೆ ತಡೆದು ನಿಲ್ಲಿಸಿದ ಚರಿತ್ರೆ. ಕೆರೆ, ಏರಿ, ತೂಬು, ಕೋಡಿ. ಅರಸರು ಕೊಟ್ಟ ದತ್ತಿ, ಊರವರು ಎತ್ತಿದ ಹೂಳು. ತುಂಬಿದ ಕೊಡ ಎದುರು ಬಂದರೆ ಶುಭ, ಖಾಲಿ ಕೊಡ ಬಂದರೆ ಎರಡು ನಿಮಿಷ ಕೂತು ಹೊರಡಬೇಕು. ಇಂಥ ಊರಿನಲ್ಲಿ ನಿಂತು, "ಅಲ್ಲಿ ಚಳಿಗಾಲ ಬಂತಂದ್ರೆ ಟ್ಯಾಂಕಿನ ನೀರೆಲ್ಲ ಬೇಕಂತಲೇ ಚೆಲ್ಲತಾರ" ಅಂದರೆ, "ಯಾಕಪಾ, ಏನಾಗೇತಿ ನೀರಿಗೆ?" ಅಂತ ಕೇಳೋದು ಸಹಜ. ನೀರು ಗಟ್ಟಿಯಾಗೋದನ್ನ ನಮ್ಮವರು ನೋಡೋದು ಬೇಸಿಗೆಯ ಅಡ್ಡಮಳೆಯಲ್ಲಿ ಬೀಳುವ ಆಣೆಕಲ್ಲಿನಲ್ಲಿ, ಅದೂ ಅಂಗೈಯಲ್ಲಿ ಕರಗುವಷ್ಟು ಹೊತ್ತು ಮಾತ್ರ. ಬೆಂಗಳೂರಿನವರೂ ಹೆಚ್ಚು ಜಂಬ ಪಡಬೇಕಾಗಿಲ್ಲ. ಆ ನಗರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿ 13ರಂದು. ನೂರ ನಲವತ್ತು ವರ್ಷದಲ್ಲಿ ಸೊನ್ನೆಯ ಹತ್ತಿರಕ್ಕೂ ಹೋಗಿಲ್ಲ.

ಬಹುತೇಕ ವಸ್ತುಗಳು ತಣ್ಣಗಾದಷ್ಟೂ ಕುಗ್ಗುತ್ತವೆ. ನೀರು 4 ಡಿಗ್ರಿವರೆಗೆ ಹಾಗೇ ಮಾಡಿ, ಅಲ್ಲಿಂದ ಕೆಳಗೆ ಹಿಗ್ಗೋಕೆ ಶುರು ಮಾಡುತ್ತೆ. ಮಂಜುಗಡ್ಡೆ ಆಗುವಾಗ ಸುಮಾರು ಶೇ. 9ರಷ್ಟು ಹೆಚ್ಚು ಜಾಗ ಬೇಡುತ್ತೆ. ಜಾಗ ಇಲ್ಲದಿದ್ದರೆ ಜಾಗ ಮಾಡಿಕೊಳ್ಳುತ್ತೆ. 1784–85ರ ಚಳಿಗಾಲದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಎಡ್ವರ್ಡ್ ವಿಲಿಯಮ್ಸ್ ಅನ್ನೋ ಬ್ರಿಟಿಷ್ ಫಿರಂಗಿ ಪಡೆಯ ಮೇಜರ್, ಬಾಂಬಿನ ಟೊಳ್ಳು ಕಬ್ಬಿಣದ ಗುಂಡುಗಳಿಗೆ ಮದ್ದಿನ ಬದಲು ನೀರು ತುಂಬಿ, ಬಾಯಿಗೆ ಬೆಣೆ ಹೊಡೆದು, ರಾತ್ರಿ ಹೊರಗಿಟ್ಟ. ಕೆಲವು ಗುಂಡುಗಳ ಬೆಣೆ ನೂರಾರು ಅಡಿ ದೂರ ಹಾರಿ ಬಿತ್ತು. ಬೆಣೆ ಗಟ್ಟಿ ಕೂತಿದ್ದ ಕಡೆ ಗುಂಡೇ ಸೀಳಿ, ಸೀಳಿನಿಂದ ಮಂಜುಗಡ್ಡೆ ಹೊರಗೆ ಚಾಚಿತ್ತು. ಎರಕದ ಕಬ್ಬಿಣದ ಕಥೆಯೇ ಹೀಗಾದ್ರೆ ಮೋಟರ್‌ಹೋಮಿನ ಪ್ಲಾಸ್ಟಿಕ್ ಪೈಪು, ಪುಟ್ಟ ಪಂಪು, ಟಾಯ್ಲೆಟ್ಟಿನ ವಾಲ್ವುಗಳ ಪಾಡು ಊಹಿಸಿ. ಇನ್ನೊಂದು ಸ್ವಾರಸ್ಯ ಏನಂದ್ರೆ, ಪೈಪು ಹೆಚ್ಚಾಗಿ ಒಡೆಯೋದು ಮಂಜುಗಡ್ಡೆ ಇರೋ ಜಾಗದಲ್ಲೇ ಅಲ್ಲ. ಬೆಳೆಯುತ್ತಿರುವ ಗಡ್ಡೆಗೂ ಮುಚ್ಚಿದ ನಲ್ಲಿಗೂ ಮಧ್ಯೆ ಸಿಕ್ಕಿಬಿದ್ದ ನೀರಿನ ಒತ್ತಡ ಏರಿ ಏರಿ ಅಲ್ಲಿ ಒಡೆಯುತ್ತೆ. ಚಳಿದೇಶಗಳಲ್ಲಿ ರಾತ್ರಿ ನಲ್ಲಿಯನ್ನು ತೊಟ್ಟಿಕ್ಕುವಂತೆ ಬಿಡೋದು ಇದಕ್ಕೇ.

ಹಾಗಾಗಿ ಮನುಷ್ಯ ಕಂಡುಕೊಂಡ ಅತಿ ಹಳೇ ಉಪಾಯ ಖಾಲಿ ಮಾಡೋದೇ. ಲೇಹ್‌ಗೆ ಜನವರಿಯಲ್ಲಿ ಹೋದವರಿಗೆ ಗೊತ್ತು: ಬಹಳಷ್ಟು ಗೆಸ್ಟ್‌ಹೌಸ್‌ಗಳಲ್ಲಿ ನಲ್ಲಿ ಇರುತ್ತೆ, ನೀರಿರಲ್ಲ. ಪೈಪುಗಳನ್ನು ಬರಿದು ಮಾಡಿಟ್ಟು ಬಕೆಟ್‌ನಲ್ಲಿ ಬಿಸಿನೀರು ತಂದುಕೊಡ್ತಾರೆ. ಬುಕಿಂಗ್ ಆ್ಯಪಿನಲ್ಲಿ ಅದಕ್ಕೆ ಒಂದು ಸ್ಟಾರ್ ಕೊಟ್ಟು ಬರೋ ನಮ್ಮ ಹುಡುಗರಿಗೆ ಏನು ಹೇಳೋದು?

ಇನ್ನೊಂದು ಉಪಾಯ, ನೀರಿಗೆ ಏನಾದರೂ ಬೆರೆಸೋದು. ಉಪ್ಪುನೀರು ಸಿಹಿನೀರಿನಷ್ಟು ಬೇಗ ಹೆಪ್ಪುಗಟ್ಟಲ್ಲ ಅನ್ನೋದು ಕಡಲ ಕೆಲಸದವರಿಗೆ ಹಿಂದಿನಿಂದಲೂ ಗೊತ್ತಿತ್ತು. ಎಷ್ಟು ಬೆರೆಸಿದರೆ ಎಷ್ಟು ಇಳಿಯುತ್ತೆ ಅನ್ನೋದನ್ನು 1788ರಲ್ಲಿ ಲಂಡನ್ನಿನ ಚಾರ್ಲ್ಸ್ ಬ್ಲಾಗ್ಡೆನ್ ಅಳೆದು ತೋರಿಸಿದ: ಬೆರೆಸಿದ್ದು ದುಪ್ಪಟ್ಟಾದರೆ ಇಳಿಕೆಯೂ ಹೆಚ್ಚುಕಡಿಮೆ ದುಪ್ಪಟ್ಟು. ಇದೇ ಕಾಲದಲ್ಲಿ ನಮ್ಮ ದೇಶದಲ್ಲಿ ಕೆಲಸ ಪೂರ್ತಿ ಉಲ್ಟಾ ನಡೀತಿತ್ತು. ಅಲಾಹಾಬಾದ್, ಕಲ್ಕತ್ತಾ ಕಡೆ ರಾಬರ್ಟ್ ಬಾರ್ಕರ್ ಅನ್ನೋ ಕಂಪನಿ ಅಧಿಕಾರಿ ಕಂಡು 1775ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಗೆ ಬರೆದ ಪ್ರಕಾರ, ಬಯಲಲ್ಲಿ ಎರಡಡಿ ಆಳದ ಗುಂಡಿ ತೋಡಿ, ಒಣಗಿದ ಕಬ್ಬಿನ ದಂಟು ಹಾಸಿ, ಮೇಲೆ ಸಾಲಾಗಿ ತೆಳ್ಳನೆಯ ಮಣ್ಣಿನ ತಟ್ಟೆಗಳಲ್ಲಿ ಕಾಯಿಸಿ ಆರಿಸಿದ ನೀರಿಡುತ್ತಿದ್ದರು. ಗಾಳಿ ಸೊನ್ನೆಗಿಂತ ಬೆಚ್ಚಗಿದ್ದರೂ, ಮೋಡವಿಲ್ಲದ ರಾತ್ರಿ ತಟ್ಟೆಯ ನೀರು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬೆಳಗಿನ ಜಾವಕ್ಕೆ ಗಟ್ಟಿಯಾಗಿರುತ್ತಿತ್ತು. ಸೂರ್ಯ ಹುಟ್ಟೋ ಮುಂಚೆ ಆಳುಗಳು ಬಂದು ಅದನ್ನು ಕೆರೆದು ಬುಟ್ಟಿಗೆ ತುಂಬುತ್ತಿದ್ದರು. ಅತ್ತ ಒಬ್ಬ ನೀರು ಗಟ್ಟಿಯಾಗದಿರಲಿ ಅಂತ ಲೆಕ್ಕ ಹಾಕ್ತಿದ್ದಾನೆ, ಇತ್ತ ಇನ್ನೊಬ್ಬ ಗಟ್ಟಿಯಾಗಲಿ ಅಂತ ಚಳಿಯಲ್ಲಿ ಕಾಯ್ತಿದ್ದಾನೆ. ಆಮೇಲೆ 1833ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಹಡಗಿನಲ್ಲೇ ಮಂಜುಗಡ್ಡೆ ಕಲ್ಕತ್ತಾಗೆ ಬಂದಿಳಿಯಿತು. ಅದು ಬೇರೆಯದೇ ಲೇಖನದ ಮಾತು.

ಬ್ಲಾಗ್ಡೆನ್ನನ ಲೆಕ್ಕಕ್ಕೆ ಬೆಲೆ ಬಂದದ್ದು ಮೋಟಾರು ಕಾರು ಬಂದಮೇಲೆ. ಎಂಜಿನ್ ತಂಪಾಗಿಡಲು ರೇಡಿಯೇಟರ್‌ನಲ್ಲಿ ನೀರು ಬೇಕು, ಚಳಿಯಲ್ಲಿ ಅದೇ ನೀರು ರೇಡಿಯೇಟರನ್ನೂ ಎಂಜಿನ್ನಿನ ಕಬ್ಬಿಣವನ್ನೂ ಸೀಳುತ್ತೆ. ಮೊದಮೊದಲ ಮಾಲೀಕರು ದಿನಾ ರಾತ್ರಿ ನೀರು ಬಿಟ್ಟು, ಬೆಳಗ್ಗೆ ಬಿಸಿನೀರು ಹೊಯ್ದು ಗಾಡಿ ಎಬ್ಬಿಸುತ್ತಿದ್ದರು. ಉಪ್ಪು ಹಾಕಿದವರ ರೇಡಿಯೇಟರ್ ತುಕ್ಕು ಹಿಡಿಯಿತು. ಜೇನುತುಪ್ಪ, ಸಕ್ಕರೆ ಪಾಕ ಹಾಕಿ ನೋಡಿದವರೂ ಉಂಟು. ಮದ್ಯಸಾರ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಆದರೆ ಎಂಜಿನ್ ಬಿಸಿಯಾದಾಗ ಆವಿಯಾಗಿ ಹೋಗಿಬಿಡುತ್ತಿತ್ತು. ಮಧ್ಯಾಹ್ನ ತುಂಬಿದ್ದು ರಾತ್ರಿಗೆ ಇರುತ್ತೆ ಅನ್ನೋ ಭರವಸೆ ಇಲ್ಲ.

ಇಲ್ಲಿಗೆ ಬರುತ್ತಾರೆ ನಮ್ಮ ಕಥೆಯ ಅಣ್ಣತಮ್ಮಂದಿರು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಅಡಾಲ್ಫ್ ವುರ್ಟ್ಸ್ 1850ರ ದಶಕದಲ್ಲಿ ಎಥಿಲೀನ್ ಗ್ಲೈಕಾಲ್ ತಯಾರಿಸಿದ. ಅದರ ಬೆನ್ನಿಗೇ ಪ್ರೊಪಿಲೀನ್ ಗ್ಲೈಕಾಲ್. ಎರಡೂ ಬಣ್ಣವಿಲ್ಲದ, ವಾಸನೆಯಿಲ್ಲದ, ಎಣ್ಣೆಯಂತೆ ಸ್ವಲ್ಪ ಮಂದವಾದ, ನಾಲಿಗೆಗೆ ಸಿಹಿಯಾದ ದ್ರವಗಳು. ಗ್ಲೈಕಾಲ್ ಅನ್ನೋ ಹೆಸರಿನಲ್ಲೇ ಗ್ರೀಕ್ ಭಾಷೆಯ ಸಿಹಿ ಇದೆ. ಸುಮಾರು ಅರವತ್ತು ವರ್ಷ ಅವನ್ನು ಯಾರೂ ದೊಡ್ಡದಾಗಿ ಬಳಸಲಿಲ್ಲ. ಎಥಿಲೀನ್ ಗ್ಲೈಕಾಲ್‌ಗೆ ದೊಡ್ಡ ಗಿರಾಕಿಗಳಾದವರಲ್ಲಿ ಡೈನಮೈಟ್ ತಯಾರಕರೂ ಇದ್ದರು. ಡೈನಮೈಟ್‌ನ ನೈಟ್ರೋಗ್ಲಿಸರಿನ್ ಸುಮಾರು 13 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತೆ. ನಮ್ಮ ಆಡೂರಿನ ಡಿಸೆಂಬರ್ ನಸುಕಿನ ಚಳಿ ಸಾಕು ಅದಕ್ಕೆ! ಹೆಪ್ಪುಗಟ್ಟಿದ್ದನ್ನು ಬಿಸಿ ಮಾಡಿ ಕರಗಿಸಲು ಹೋಗಿ ಗಣಿ ಕಾರ್ಮಿಕರು ಸಾಯುತ್ತಿದ್ದರು. ಗ್ಲೈಕಾಲ್‌ನಿಂದ ಮಾಡಿದ ಸ್ಫೋಟಕ ಬೆರೆಸಿದಾಗ ಆ ಕಾಟ ತಪ್ಪಿತು. 1927ರಲ್ಲಿ ಅಮೆರಿಕದಲ್ಲಿ ಪ್ರೆಸ್ಟೋನ್ ಅನ್ನೋ ಹೆಸರಿನಲ್ಲಿ ಅದೇ ಎಥಿಲೀನ್ ಗ್ಲೈಕಾಲ್ ಕಾರಿನವರ ಕೈಗೂ ಬಂತು. ಕುದಿದು ಹಾರಿಹೋಗಲ್ಲ, ತುಕ್ಕು ತಡೆಯುವ ಮದ್ದು ಬೆರೆಸಬಹುದು, ಅರ್ಧಕ್ಕರ್ಧ ನೀರಿಗೆ ಹಾಕಿದರೆ ಸೊನ್ನೆಗಿಂತ 35 ಡಿಗ್ರಿ ಕೆಳಗೂ ಹರಿಯುತ್ತೆ. ಇವತ್ತು ನಿಮ್ಮ ಕಾರಿನಲ್ಲಿರುವ ಹಸಿರು ಕೂಲಂಟ್ ಬಹುಪಾಲು ಇದೇ.

ಹಸಿರು ಅನ್ನೋದು ಮೇಲೆ ಹಾಕಿದ ಬಣ್ಣ, ಒಳಗಿನದು ನೀರಿನಂತೆ ಸ್ವಚ್ಛ. ಸಿಹಿಯೂ ಹೌದು, ವಿಷವೂ ಹೌದು. ಹೊಟ್ಟೆಗೆ ಹೋದ ಎಥಿಲೀನ್ ಗ್ಲೈಕಾಲನ್ನು ನಮ್ಮ ಲಿವರ್ ಹಂತಹಂತವಾಗಿ ಆಕ್ಸಾಲಿಕ್ ಆಮ್ಲ ಮಾಡುತ್ತೆ, ಅದು ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಹರಳಾಗಿ ಕೂರುತ್ತೆ. ದೊಡ್ಡವರಿಗೂ ಸುಮಾರು ನೂರು ಮಿಲಿಲೀಟರ್ ಸಾಕು ಅಂತಾರೆ, ಅಂದ್ರೆ ಒಂದು ಸಣ್ಣ ಲೋಟ ಚಹಾದಷ್ಟು. ಇದಕ್ಕೆ ಆಸ್ಪತ್ರೆಯಲ್ಲಿ ಬಹಳ ಕಾಲ ಕೊಡುತ್ತಿದ್ದ ಮದ್ದು ಸಾರಾಯಿಯ ಸಾರವೇ. ಲಿವರ್ ಅದನ್ನು ಅರಗಿಸೋದರಲ್ಲಿ ನಿರತವಾಗಿದ್ದರೆ ಗ್ಲೈಕಾಲ್ ತಂಟೆಗೆ ಹೋಗಲ್ಲ ಅನ್ನೋ ತರ್ಕ.

ಮೂರನೆಯ ತಮ್ಮ ಡೈಎಥಿಲೀನ್ ಗ್ಲೈಕಾಲ್. ಎಥಿಲೀನ್ ಗ್ಲೈಕಾಲ್ ತಯಾರಾಗುವಾಗ ಜೊತೆಗೇ ಹುಟ್ಟುವಂಥದ್ದು, ಅಗ್ಗದ್ದು, ನೋಡಲು ಅವೇ ರೂಪ, ಅದೇ ಸಿಹಿ. ಔಷಧದ ಚರಿತ್ರೆಯಲ್ಲಿ ಕರಾಳ ಪುಟಗಳು ಬಹಳ ಇವೆ, ಇವನ ಪುಟಗಳಷ್ಟು ಮತ್ತೆ ಮತ್ತೆ ಬರೆಸಿಕೊಂಡವು ಕಡಿಮೆ. 1937ರಲ್ಲಿ ಸಲ್ಫಾನಿಲಮೈಡ್ ಅನ್ನೋ ಹೊಸ ಮದ್ದು ಗಂಟಲು ಬೇನೆಗೆ ರಾಮಬಾಣ ಅಂತ ಹೆಸರಾಗಿತ್ತು. ಮಾತ್ರೆ, ಪುಡಿ ಇತ್ತು. ಮಕ್ಕಳಿಗೆ ಕುಡಿಸೋಕೆ ಸಿರಪ್ ಇರಲಿಲ್ಲ, ಯಾಕಂದ್ರೆ ಮದ್ದು ನೀರಿನಲ್ಲೂ ಮದ್ಯಸಾರದಲ್ಲೂ ಸರಿಯಾಗಿ ಕರಗುತ್ತಿರಲಿಲ್ಲ. ಟೆನೆಸಿಯ ಬ್ರಿಸ್ಟಲ್ ಊರಿನ ಮ್ಯಾಸೆಂಗಿಲ್ ಕಂಪನಿಯ ಕೆಮಿಸ್ಟ್ ಅದನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ, ರಾಸ್ಪ್‌ಬೆರಿ ರುಚಿ ಸೇರಿಸಿದ. ಬಣ್ಣ ಚೆನ್ನಾಗಿದೆ, ರುಚಿ ಚೆನ್ನಾಗಿದೆ, ವಾಸನೆ ಚೆನ್ನಾಗಿದೆ. ಮಾರಾಟಕ್ಕೆ ಅಷ್ಟೇ ಸಾಕಿತ್ತು. ಒಂದು ಇಲಿಗೂ ಕುಡಿಸಿ ನೋಡಿರಲಿಲ್ಲ, ಹಾಗೆ ನೋಡಲೇಬೇಕು ಅನ್ನೋ ಕಾನೂನೂ ಇರಲಿಲ್ಲ.

ತಯಾರಾಗಿದ್ದು 240 ಗ್ಯಾಲನ್. ಓಕ್ಲಹೋಮಾದ ಟಲ್ಸಾದಿಂದ ಸಾವಿನ ಸುದ್ದಿ ಬಂದಮೇಲೆ, ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ತನ್ನ ಹೆಚ್ಚುಕಡಿಮೆ ಎಲ್ಲ ಇನ್‌ಸ್ಪೆಕ್ಟರುಗಳನ್ನೂ ಬೀದಿಗಿಳಿಸಿ ಬಾಟಲಿ ಬಾಟಲಿಯಾಗಿ ಹುಡುಕಿಸಿ, 234 ಗ್ಯಾಲನ್ ವಾಪಸ್ ತಂದಿತು. ಉಳಿದ ಆರು ಗ್ಯಾಲನ್ನಿಗೆ ಚೂರು ಕಡಿಮೆ ಸಿರಪ್ಪು ನೂರಕ್ಕೂ ಹೆಚ್ಚು ಜನರನ್ನು ಕೊಂದಿತ್ತು, ಅವರಲ್ಲಿ ಬಹಳಷ್ಟು ಮಕ್ಕಳು. ಕಂಪನಿ ಮೇಲೆ ಹಾಕಲು ಸಿಕ್ಕ ಆರೋಪವಾದರೂ ಎಂಥದ್ದು ಗೊತ್ತಾ? ಎಲಿಕ್ಸಿರ್ ಅಂತ ಹೆಸರಿಟ್ಟಿದ್ದೀರಿ, ಎಲಿಕ್ಸಿರ್ ಅಂದ್ರೆ ಮದ್ಯಸಾರ ಇರಬೇಕು, ಇದರಲ್ಲಿಲ್ಲ, ಆದ್ದರಿಂದ ಲೇಬಲ್ ತಪ್ಪು ಅಂತ. ಬಾಟಲಿ ಮೇಲೆ ದ್ರಾವಣ ಅಂತ ಬರೆದಿದ್ದರೆ ಆ ಕೇಸೂ ನಿಲ್ಲುತ್ತಿರಲಿಲ್ಲ. ಮರುವರ್ಷ, 1938ರಲ್ಲಿ, ಮಾರೋಕೆ ಮುಂಚೆ ಔಷಧ ಸುರಕ್ಷಿತ ಅಂತ ತೋರಿಸಬೇಕು ಅನ್ನೋ ಕಾನೂನು ಬಂತು. ಆ ವಿಷ ಯಾವುದು ಅಂತ ಷಿಕಾಗೊ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿದವರ ಜೊತೆ ಫ್ರಾನ್ಸೆಸ್ ಕೆಲ್ಸಿ ಅನ್ನೋ ವಿದ್ಯಾರ್ಥಿನಿ ಇದ್ದಳು. 1960ರಲ್ಲಿ ಅದೇ ಇಲಾಖೆ ಸೇರಿ ಥಾಲಿಡೊಮೈಡ್‌ಗೆ ಒಪ್ಪಿಗೆ ಕೊಡದೆ ಕೂತವಳೂ ಅವಳೇ.

ಈ ಹಿನ್ನೆಲೆ ಇಟ್ಟುಕೊಂಡು ಮೋಟರ್‌ಹೋಮ್‌ಗೆ ಬನ್ನಿ. ವಿನ್ನೆಬೇಗೊ ಕಂಪನಿ ಐಯೋವಾದ ಫಾರೆಸ್ಟ್ ಸಿಟಿಯಲ್ಲಿ ಮೋಟರ್‌ಹೋಮ್ ಮಾಡೋಕೆ ಶುರು ಮಾಡಿದ್ದು 1966ರಲ್ಲಿ. ಐಯೋವಾ ಅಂದ್ರೆ ಜನವರಿಯಲ್ಲಿ ಮೂಗು ಉದುರಿಹೋಗೋ ಚಳಿ. ಕಾರಿನ ರೇಡಿಯೇಟರ್ ನೀರನ್ನು ಯಾರೂ ಕುಡಿಯಲ್ಲ. ಆದರೆ ಈ ಗಾಡಿಯ ಪೈಪಿನ ನೀರಲ್ಲಿ ಬೇಸಿಗೆಗೆ ಚಹಾ ಕಾಯಿಸಬೇಕು, ಮಗುವಿನ ಬಾಟಲಿ ತೊಳೆಯಬೇಕು. ಎಂಜಿನ್ನಿಗೆ ಹಾಕೋ ದ್ರವ ಅದರೊಳಗೆ ಹೋದರೆ, ಎಷ್ಟೇ ತೊಳೆದರೂ ಒಂದು ಮೂಲೆಯಲ್ಲಿ ಉಳಿದರೆ? ಉತ್ತರ ವುರ್ಟ್ಸ್‌ನ ಎರಡನೆಯ ಮಗುವಿನಲ್ಲೇ ಇತ್ತು. ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ ಒಂದೇ ಒಂದು ಇಂಗಾಲ ಹೆಚ್ಚು. ಆ ಒಂದು ಇಂಗಾಲದಿಂದ ಲಿವರಿನೊಳಗಿನ ದಾರಿಯೇ ಬದಲಾಗುತ್ತೆ: ಆಕ್ಸಾಲಿಕ್ ಆಮ್ಲದ ಬದಲು, ಓಡಿದಾಗ ನಮ್ಮ ಸ್ನಾಯುಗಳಲ್ಲಿ ಹುಟ್ಟುವಂಥದ್ದೇ ಲ್ಯಾಕ್ಟಿಕ್ ಆಮ್ಲ. ಮದ್ದಿಗೂ ತಿಂಡಿಗೂ ಇದನ್ನು ಬಳಸುತ್ತಾರೆ. ಇದನ್ನೇ ನೀರಿಗೆ ಬೆರೆಸಿ, ಕಾರಿನ ಹಸಿರಿನಿಂದ ಬೇರೆ ಕಾಣಲಿ ಅಂತ ಗುಲಾಬಿ ಹಾಕಿ ಮಾರುತ್ತಾರೆ.

ಆದರೆ ಗುಲಾಬಿ ಅನ್ನೋದು ರೂಢಿ, ರಸಾಯನಶಾಸ್ತ್ರ ಅಲ್ಲ. ಗುಲಾಬಿ ಬಣ್ಣದ ಕಾರಿನ ಕೂಲಂಟ್ ಕೂಡ ಇದೆ. ಮದ್ಯಸಾರದಿಂದ ಮಾಡಿದ ಅಗ್ಗದ ಗುಲಾಬಿ ಕ್ಯಾನೂ ಸಿಗುತ್ತೆ, ಅದಕ್ಕೆ ಬೆಂಕಿ ಹತ್ತುತ್ತೆ, ರಬ್ಬರ್ ವಾಷರ್‌ಗಳೂ ಒಣಗುತ್ತವೆ. ಕ್ಯಾನಿನ ಮೇಲೆ ಮೈನಸ್ 50 ಫ್ಯಾರನ್‌ಹೀಟ್ (ನಮ್ಮ ಲೆಕ್ಕದಲ್ಲಿ ಮೈನಸ್ 45 ಡಿಗ್ರಿ) ಅಂತ ದಪ್ಪಕ್ಷರದಲ್ಲಿ ಬರೆದಿರೋದೂ ಪೂರ್ತಿ ಕಥೆ ಹೇಳಲ್ಲ. ಆ ಚಳಿವರೆಗೆ ಪೈಪು ಒಡೆಯಲ್ಲ ಅಂತ ಅದರರ್ಥ. ಅದಕ್ಕೆ ಬಹಳ ಮುಂಚೆಯೇ ಒಳಗಿನ ದ್ರವ ಗೋಲಾದ ಪುಡಿಮಂಜಿನ ಹಾಗೆ ಆಗಿರುತ್ತೆ. ಹರಿಯಲ್ಲ, ಆದರೆ ಗೋಡೆಯನ್ನು ಒತ್ತುವಷ್ಟು ಗಟ್ಟಿಯೂ ಆಗಲ್ಲ. ಟ್ಯಾಂಕಿನಲ್ಲಿ ನೀರು ಉಳಿಸಿಕೊಂಡು ಮೇಲೆ ಇದನ್ನು ಸುರಿದವರಿಗೆ ಆ ರಕ್ಷಣೆಯೂ ಇಲ್ಲ. ತೆಳುವಾದಷ್ಟೂ ಬ್ಲಾಗ್ಡೆನ್ನನ ಲೆಕ್ಕ ವಾಪಸ್ ಮೇಲೇರುತ್ತೆ. ಮೊದಲು ಖಾಲಿ ಮಾಡಿ, ಆಮೇಲೆ ತುಂಬಿ ಅನ್ನೋದು ಇದಕ್ಕೇ.

ಒಟ್ಟಿನಲ್ಲಿ ಅಲ್ಲಿ ವರ್ಷಕ್ಕೆ ಆರು ತಿಂಗಳು ಖಾಲಿ ನಿಲ್ಲುವ ಒಂದು ಗಾಡಿಯ ಪೈಪಿಗೂ, ಕುಡಿಯೋರ ಬಾಯಿಗೆ ಹೋಗಬಹುದು ಅನ್ನೋ ಭಯದಿಂದ, ವಿಷವಲ್ಲದ ಗ್ಲೈಕಾಲ್ ಬೇರೆ ಕ್ಯಾನಿನಲ್ಲಿ, ಬೇರೆ ಬಣ್ಣದಲ್ಲಿ ಬರುತ್ತೆ. ಇಲ್ಲಿ ಮಕ್ಕಳ ಬಾಯಿಗೇ ಹೋಗುವ ಸಿರಪ್ಪಿನ ಕಥೆ ನೋಡಿ.

ಸಿರಪ್ಪಿನಲ್ಲಿ ಮದ್ದು ಕರಗಿಸೋಕೆ ಪ್ರೊಪಿಲೀನ್ ಗ್ಲೈಕಾಲ್ ಅಥವಾ ಗ್ಲಿಸರಿನ್ ಬೇಕು. ಎರಡಕ್ಕೂ ಡೈಎಥಿಲೀನ್ ಗ್ಲೈಕಾಲ್‌ಗಿಂತ ಬೆಲೆ ಜಾಸ್ತಿ. ಡ್ರಮ್ಮು ಕೈಯಿಂದ ಕೈಗೆ ದಾಟುವಾಗ ಎಲ್ಲೋ ಒಂದು ಕಡೆ ಲೇಬಲ್ ಬದಲಾಗುತ್ತೆ. ಒಳಗಿನದು ನೋಡಲು ಒಂದೇ, ಮೂಸಿದರೆ ಒಂದೇ, ನೆಕ್ಕಿದರೂ ಒಂದೇ. 1986ರಲ್ಲಿ ಬಾಂಬೆಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ಅಂತ ಕೊಟ್ಟದ್ದರಲ್ಲಿ ಇದು ಬೆರೆತಿದ್ದು 14 ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ ಆಯೋಗ ಔಷಧ ಖರೀದಿ, ಪರೀಕ್ಷೆ, ಮಂತ್ರಿಗಿರಿ ಎಲ್ಲವನ್ನೂ ಜಾಲಾಡಿತು. 2019ರ ಕೊನೆಯಲ್ಲಿ ಜಮ್ಮುವಿನ ರಾಮನಗರದಲ್ಲಿ ಕೆಮ್ಮಿನ ಸಿರಪ್ ಕುಡಿದ ಹತ್ತಾರು ಮಕ್ಕಳ ಮೂತ್ರಪಿಂಡ ನಿಂತುಹೋಯಿತು, ಹತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು. ವಿಶ್ವ ಆರೋಗ್ಯ ಸಂಸ್ಥೆ ಹರಿಯಾಣದಲ್ಲಿ ತಯಾರಾದ ಸಿರಪ್‌ಗಳ ಕಡೆ ಬೆರಳು ಮಾಡಿತು, ನಮ್ಮ ಸರ್ಕಾರ ಇಲ್ಲಿಯ ಮಾದರಿಗಳು ಸರಿಯಾಗಿವೆ ಅಂದಿತು. ಅದೇ ವರ್ಷದ ಕೊನೆಗೆ ಉಜ್ಬೇಕಿಸ್ತಾನದಿಂದಲೂ ಅಂಥದೇ ಸುದ್ದಿ.

ಆಮೇಲೆ 2023ರ ಜೂನ್ 1ರಿಂದ, ರಫ್ತಾಗುವ ಪ್ರತಿ ಕೆಮ್ಮಿನ ಸಿರಪ್ಪಿಗೂ ಸರ್ಕಾರಿ ಪ್ರಯೋಗಾಲಯದ ಪ್ರಮಾಣಪತ್ರ ಕಡ್ಡಾಯವಾಯಿತು. ರಫ್ತಾಗುವ ಅನ್ನೋ ಪದದ ಮೇಲೆ ಒಂದು ಕ್ಷಣ ನಿಲ್ಲಿ. ಹೊರದೇಶಕ್ಕೆ ಹೋಗೋ ಬಾಟಲಿಗೆ ಬಂದ ಈ ನಿಯಮ ಹಾನಗಲ್, ಅಕ್ಕಿಆಲೂರು, ಆಡೂರಿನ ಅಂಗಡಿಗೆ ಬರೋ ಬಾಟಲಿಗೆ ಬರಲಿಲ್ಲ. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾರಾ ಕಡೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ ತಯಾರಾದ ಆ ಸಿರಪ್ಪಿನಲ್ಲಿ ತಮಿಳುನಾಡು ಸರ್ಕಾರದ ಪ್ರಯೋಗಾಲಯ ಕಂಡ ಡೈಎಥಿಲೀನ್ ಗ್ಲೈಕಾಲ್ ಶೇ. 48.6. ಇರಬಹುದಾದ ಮಿತಿ ಶೇ. 0.1. ಆಮೇಲೆ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮಿನ ಸಿರಪ್ ಕೊಡಲೇಬೇಡಿ, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಅಂತ ಹೇಳಿತು. ಮಕ್ಕಳ ಕೆಮ್ಮು ಬಹುಪಾಲು ತಾನಾಗೇ ಹೋಗುತ್ತೆ ಅನ್ನೋದು ಅದರ ಮಾತು. ಅಜ್ಜಿಯರು ಶುಂಠಿ ಕಷಾಯ ಹಿಡಿದು ಹೇಳುತ್ತಿದ್ದದ್ದೂ ಹೆಚ್ಚುಕಡಿಮೆ ಅದೇ.

ಇದನ್ನು ತಡೆಯೋದು ತಂತ್ರಜ್ಞಾನದ ದೃಷ್ಟಿಯಿಂದ ಕಷ್ಟ ಅಲ್ಲ. ಡ್ರಮ್ಮು ಫ್ಯಾಕ್ಟರಿ ಗೇಟಿಗೆ ಬಂದಾಗ ಅದರಿಂದ ಒಂದು ಚಮಚ ತೆಗೆದು ಪರೀಕ್ಷೆ ಮಾಡಿದರೆ ಸಿಕ್ಕಿಬೀಳುತ್ತೆ. ಗ್ಯಾಸ್ ಕ್ರೊಮಟೋಗ್ರಫಿ ಯಂತ್ರ ಇಲ್ಲದಿದ್ದರೂ ಕಡಿಮೆ ಖರ್ಚಿನ ವಿಧಾನ ಇದೆ. ಮಾಡಬೇಕು ಅನ್ನೋ ನಿಯಮವೂ ಕಾಗದದಲ್ಲಿದೆ. ಡ್ರಮ್ಮಿನ ಮೇಲಿನ ಚೀಟಿಯನ್ನೇ ಪರೀಕ್ಷೆ ಅಂದುಕೊಂಡು ಮುಂದೆ ಕಳಿಸೋದು, ನನ್ನ ಪ್ರಕಾರ, ಟ್ಯಾಂಕ್ ಖಾಲಿ ಮಾಡದೆ ಗುಲಾಬಿ ಸುರಿದ ಹಾಗೇ. ಅಲ್ಲಿ ಒಡೆಯೋದು ಪೈಪು.

ಇಷ್ಟು ಓದಿದ ಮೇಲೆ ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಒಮ್ಮೆ ಇಳಿದು ನೋಡಿ. ಯಾವುದಾದರೂ ಕಾರಿನ ಕೆಳಗೆ ಹಸಿರು ಹನಿ ಬಿದ್ದಿದ್ದರೆ ಅದು ಎಥಿಲೀನ್ ಗ್ಲೈಕಾಲ್ ಇರೋ ಸಾಧ್ಯತೆಯೇ ಹೆಚ್ಚು. ಸಿಹಿಯಾಗಿರೋದರಿಂದ ನಾಯಿ, ಬೆಕ್ಕು ನೆಕ್ಕುತ್ತವೆ. ಸ್ಕಾಟ್ಲೆಂಡ್‌ನಲ್ಲಿ 1958ರಲ್ಲಿ ಕಂಡುಹಿಡಿದ ಡಿನಾಟೋನಿಯಂ ಅನ್ನೋ ಪದಾರ್ಥ ಇದೆ, ಒಂದು ಹನಿ ನಾಲಿಗೆಗೆ ತಾಗಿದರೂ ಬೇವು ಸೋಲಬೇಕು. ಕೂಲಂಟಿಗೆ ಅದನ್ನು ಬೆರೆಸಿ ಕಹಿ ಮಾಡಬೇಕು ಅಂತ ಅಮೆರಿಕದ ಆರೆಗನ್ ರಾಜ್ಯ 1991ರಲ್ಲೇ ಕಾನೂನು ಮಾಡಿತು, 2012ರ ಹೊತ್ತಿಗೆ ಅಲ್ಲಿಯ ತಯಾರಕರು ಎಲ್ಲ ರಾಜ್ಯಗಳಿಗೂ ತಾವಾಗಿಯೇ ಒಪ್ಪಿಕೊಂಡರು. ನೀವು ಟಾಪ್‌ಅಪ್‌ಗೆ ಅಂತ ಡಿಕ್ಕಿಯಲ್ಲಿಟ್ಟ ಬಾಟಲಿಯ ಹಿಂಭಾಗದ ಸಣ್ಣಕ್ಷರ ಓದಿ ನೋಡಿ, ಕಹಿ ಬೆರೆಸಿದ್ದೇವೆ ಅಂತ ಅಲ್ಲಿ ಎಲ್ಲಾದರೂ ಬರೆದಿದೆಯಾ ಅಂತ.